ಮೂವತ್ತು ನೋಂಬಿನ ಜೇನು

ಜೇನಿನ ಬಾಟಲಿ ಇರುತ್ತಿದ್ದದ್ದು ಬಲ್ಯುಮ್ಮನ ಮಂಚದ ಕೆಳಗೆ. ಬಲ್ಯುಮ್ಮ ಎಂದರೆ ನನ್ನ ಉಪ್ಪನ, ಅಂದರೆ ಅಪ್ಪನ, ತಾಯಿ, ನಮ್ಮ ಮನೆಯ ಸರಕಾರ. ಬಂಟ್ವಾಳ ಪೇಟೆಯ ಹಿಂದೆ, ನೇತ್ರಾವತಿಗೆ ಇಳಿಯುವ ಓಣಿಯಲ್ಲಿ ನಮ್ಮ ಮನೆಯಿತ್ತು. ಎದುರಿಗೆ ಚಾವಡಿ, ಬಂದ ಗಂಡಸರು ಕೂರಲಿ ಎಂದು ಕಟ್ಟಿಸಿದ್ದು. ಉಪ್ಪ ಮಸ್ಕತ್ತಿನಲ್ಲಿ ಇದ್ದುದರಿಂದ ಅಲ್ಲಿ ಹೆಚ್ಚಾಗಿ ಕೂರುತ್ತಿದ್ದದ್ದು ನೆರೆಮನೆಯ ಬೆಕ್ಕು. ಚಾವಡಿ ದಾಟಿದರೆ ಬಲ್ಯುಮ್ಮನ ಕೋಣೆ, ಅದಕ್ಕೆ ತಾಗಿ ನನ್ನ ತಾಯಿ, ಉಮ್ಮನ ಕೋಣೆ, ಎರಡರ ನಡುವೆ ಬರೀ ಹಲಗೆಯ ಗೋಡೆ. ಬಲ್ಯುಮ್ಮ ಜಪಮಣಿ ಎಣಿಸುವುದು ಈಚೆಗೆ ಕೇಳುತ್ತಿತ್ತು, ಉಮ್ಮ ಮಗ್ಗುಲು ಬದಲಿಸಿದರೆ ಆಚೆಗೆ ಕೇಳುತ್ತಿತ್ತು. ಕೊನೆಗೆ ಅಡುಗೆಮನೆ, ಅದರಾಚೆ ಬಾವಿ. ನನಗೆ ಹತ್ತು ವರ್ಷ. ಮನೆಗೆ ಒಬ್ಬಳೇ ಮಗಳು, ಮೂರು ಕೋಣೆಗೂ ಅಂಚೆಯವಳು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದು, ಮುಟ್ಟಿಸುವಾಗ ಸ್ವಲ್ಪ ಉಪ್ಪುಖಾರ ಹಚ್ಚುವುದು ನನ್ನ ಅಭ್ಯಾಸ. ಅಂಥವಳು ಒಮ್ಮೆ ಇಪ್ಪತ್ತು ದಿನ ಬಾಯಿ ಮುಚ್ಚಿಕೊಂಡಿದ್ದೆ.

ಜೇನು ತರುತ್ತಿದ್ದವರು ಬೆಳ್ತಂಗಡಿ ಕಡೆಯ ದೇಜಪ್ಪಣ್ಣ. ವೇಣೂರಿನ ಆಚೆ ಅವರ ತೋಟ, ತೋಟದಲ್ಲಿ ಜೇನುಪೆಟ್ಟಿಗೆಗಳು. ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಎರಡು ಬಾಟಲಿ ಮಡಿಲಲ್ಲಿಟ್ಟುಕೊಂಡು ಬಂದು ಚಾವಡಿಯ ತುದಿಯಲ್ಲಿ ಕೂರುತ್ತಿದ್ದರು. ಬಲ್ಯುಮ್ಮ ಬಾಗಿಲ ಮರೆಯಲ್ಲಿ ನಿಂತು ಒಂದು ಗ್ಲಾಸು ನೀರಿಗೆ ಒಂದು ಹನಿ ಜೇನು ಬಿಡುತ್ತಿದ್ದಳು. ಹನಿ ಕರಗದೆ ತಳಕ್ಕೆ ಹೋಗಿ ಕೂತರೆ ಒಳ್ಳೆಯದು. ಕೂತರೂ ಆಕೆಗೆ ಸಮಾಧಾನವಿಲ್ಲ.

“ಇದು ರಬ್ಬರು ತೋಟದ್ದಾ ಕಾಡಿನದ್ದಾ? ಸತ್ಯ ಹೇಳು ಮಾರಾಯ.”

“ನೊಣ ಎಲ್ಲಿಗೆ ಹೋಗ್ತದೆ ಅಂತ ನಾನು ಹಿಂದಿನಿಂದ ಓಡ್ಲಿಕ್ಕೆ ಆಗ್ತದಾ ಅಮ್ಮ? ಸಿಹಿ ಉಂಟಲ್ಲ, ಸಾಕು.”

ಆ ಜೇನು ನಮ್ಮ ಮನೆಯಲ್ಲಿ ತಿಂಡಿಯಲ್ಲ. ಕೆಮ್ಮಿಗೆ, ಸುಟ್ಟ ಗಾಯಕ್ಕೆ, ಹೆತ್ತವಳಿಗೆ, ನನ್ನ ಹೊಟ್ಟೆಯ ಜಂತುಹುಳಕ್ಕೆ. ಒಮ್ಮೆ ಬಾವಿಕಟ್ಟೆಯ ಹತ್ತಿರ ನನ್ನಿಂದ ಒಂದು ಉದ್ದದ ಬಿಳಿ ಹುಳ ಹೊರಬಿದ್ದಿತ್ತು. ಬಲ್ಯುಮ್ಮ ಹೆದರಲಿಲ್ಲ. ಪೇಟೆಯಿಂದ ಹುಳದ ಮಾತ್ರೆ ತರಿಸಿ ತಿನ್ನಿಸಿದಳು, ಮರುದಿನದಿಂದ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕರಿಜೀರಿಗೆ ಜಜ್ಜಿ ಹಾಕಿದ ಒಂದು ಚಮಚ ಜೇನು. ಜೇನಿನಲ್ಲಿ ಶಿಫಾ ಉಂಟು, ಅಂದರೆ ರೋಗ ಗುಣವಾಗುವ ಶಕ್ತಿ ಉಂಟು ಎಂದು ಮದರಸದಲ್ಲಿ ಉಸ್ತಾದರೂ ಹೇಳುತ್ತಿದ್ದರು. ಬಲ್ಯುಮ್ಮ ಅದಕ್ಕೆ ತನ್ನದೊಂದು ಬಾಲ ಸೇರಿಸುತ್ತಿದ್ದಳು: ಜೇನು ಮೈಗೆ ಬಲ ಕೊಡ್ತದೆ, ಮಾತ್ರೆ ಹುಳ ಕೊಲ್ತದೆ, ಎರಡರ ಕೆಲಸ ಬೇರೆ. ಓದು ಬರಹ ಬಾರದ ಆಕೆಗೆ ಗೊತ್ತಿದ್ದ ಈ ಬಾಲ, ಏಳನೇ ಕ್ಲಾಸು ಓದಿದ್ದ ನನ್ನ ಉಮ್ಮನಿಗೆ ಬೇಡವಾಗಿತ್ತು.

ಉಮ್ಮ ಮೂಡಬಿದಿರೆಯವಳು; ಆ ಊರಿಗೆ ಆಡುಮಾತಿನಲ್ಲಿ ಬೆದ್ರ. ಹಟ ಹಿಡಿದರೆ ಬಿಡುವವಳಲ್ಲ. ಹಾಗಾದಾಗಲೆಲ್ಲ ಬಲ್ಯುಮ್ಮ ಅವಳನ್ನು “ಬೆದ್ರದವಳು” ಎಂದು ಕರೆಯುತ್ತಿದ್ದಳು. ಆ ವರ್ಷ ಉಮ್ಮನಿಗೆ ಐದು ತಿಂಗಳು. ರಮ್ಜಾನಿನ ಉಪವಾಸ, ನಮ್ಮ ಮಾತಿನಲ್ಲಿ ನೋಂಬು, ಚಳಿಗಾಲಕ್ಕೆ ಬಂದಿತ್ತು. ಹೆಂಗಸರಿಗೆ ಪೂರ್ತಿ ಮೂವತ್ತು ನೋಂಬು ಸಿಗುವುದಿಲ್ಲ. ತಿಂಗಳ ದಿನಗಳಲ್ಲಿ ಬಿಡಬೇಕು, ಬಿಟ್ಟದ್ದನ್ನು ಹಬ್ಬ ಕಳೆದ ಮೇಲೆ ಒಬ್ಬೊಬ್ಬರೇ ಹಿಡಿದು ತೀರಿಸಬೇಕು. ಮನೆಯವರೆಲ್ಲ ಉಣ್ಣುವಾಗ ನೀನೊಬ್ಬಳೇ ಖಾಲಿ ಬಾಯಲ್ಲಿ ಬಡಿಸುವುದು. ಹೊಟ್ಟೆಯಲ್ಲಿ ಮಗುವಿದ್ದರೆ ಮಾತ್ರ ತಿಂಗಳು ಪೂರ್ತಿ ಕೈಗೆ ಸಿಗುತ್ತದೆ. ಬಸುರಿಗೆ ಬೇಕಾದರೆ ಬಿಡಬಹುದು ಎಂದು ಮತವೇ ಹೇಳುತ್ತದೆ. ಆದರೆ ಉಮ್ಮನ ಲೆಕ್ಕ ಬೇರೆ. ನಾನು ಹೊಟ್ಟೆಯಲ್ಲಿದ್ದ ವರ್ಷ ವಾಂತಿಯಿಂದ ಹಿಡಿಯಲಾಗಿರಲಿಲ್ಲ. ಈ ಸಲ ಒಮ್ಮೆಯಾದರೂ ಗಂಡಸರ ಹಾಗೆ ಒಂದೂ ಮುರಿಯದೆ ಮೂವತ್ತು ಹಿಡಿಯಬೇಕು ಎಂದು ಅವಳ ಆಸೆ. ಅವಳು ಜೀವಮಾನದಲ್ಲಿ ಬಾಯಿಬಿಟ್ಟು ಬಯಸಿದ್ದು ಬೇರೇನೂ ನನಗೆ ನೆನಪಿಲ್ಲ.

ಐದನೆಯ ನೋಂಬಿನ ದಿನ ಮಧ್ಯಾಹ್ನ ಕಳೆದು ಅವಳಿಗೆ ಚಳಿ ಹಿಡಿಯಿತು. ಚಳಿಗಾಲವಲ್ಲವೇ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮರುದಿನ ಏನೂ ಇಲ್ಲ, ಬಾವಿಯಿಂದ ನೀರು ಸೇದಿದಳು. ಅದರ ಮರುದಿನ ಅದೇ ಹೊತ್ತಿಗೆ ಮತ್ತೆ. ಒಂಬತ್ತನೆಯ ದಿನ ಬಲ್ಯುಮ್ಮ ನಮ್ಮಿಬ್ಬರನ್ನು ಡಾಕ್ಟರ ಹತ್ತಿರ ಅಟ್ಟಿದಳು. ಪೇಟೆಯ ದವಾಖಾನೆಯಲ್ಲಿ ಬೆರಳು ಚುಚ್ಚಿ ಗಾಜಿನ ತುಂಡಿನ ಮೇಲೆ ರಕ್ತ ಬಳಿದರು. ನಾನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದದ್ದು ಕಂಡು ಡಾಕ್ಟರು ನನ್ನನ್ನು ಸೂಕ್ಷ್ಮದರ್ಶಕದ ಎದುರು ಸ್ಟೂಲಿನ ಮೇಲೆ ಹತ್ತಿಸಿದರು. ನಸುಗೆಂಪು ಬಿಲ್ಲೆಗಳು. ಅವುಗಳಲ್ಲಿ ಒಂದರ ಒಳಗೆ ನೀಲಿ ಉಂಗುರ, ಉಂಗುರಕ್ಕೊಂದು ಕೆಂಪು ಹರಳು.

“ಅದು ಮಲೇರಿಯಾ. ಪರಾವಲಂಬಿ ಜೀವಿ. ನಿನ್ನ ತಾಯಿಯ ರಕ್ತ ತಿಂದೇ ಅದು ಬದುಕುವುದು,” ಎಂದರು. ಆಮೇಲೆ ಉಮ್ಮನ ಕಡೆ ತಿರುಗಿದರು. “ಈ ಬಿಳಿ ಮಾತ್ರೆ ಇವತ್ತು, ನಾಳೆ, ನಾಡಿದ್ದು. ಮತ್ತೆ ಹೆರಿಗೆಯವರೆಗೂ ವಾರಕ್ಕೊಮ್ಮೆ. ಖಾಲಿ ಹೊಟ್ಟೆಗೆ ಬೇಡ. ನೀವು ಉಪವಾಸ ಇದ್ದೀರಾ?”

“ಇಲ್ಲ,” ಎಂದಳು ಉಮ್ಮ.

ನೋಂಬಿನ ಬಾಯಲ್ಲಿ ಸುಳ್ಳು! ಮನೆಗೆ ಬರುವ ದಾರಿಯುದ್ದಕ್ಕೂ ಅವಳು ನನ್ನ ಮುಖ ನೋಡಲಿಲ್ಲ.

ಆ ಸಂಜೆ ನೋಂಬು ಬಿಡುವ ಬಾಂಕ್, ಅಂದರೆ ಮಸೀದಿಯ ಕರೆ, ಕೇಳಿದ ಕೂಡಲೇ ಖರ್ಜೂರ, ನೀರು, ಎರಡು ಪತ್ತಿರ್ ರೊಟ್ಟಿ ತಿಂದು ಉಮ್ಮ ಮಾತ್ರೆ ನುಂಗಿದಳು. ಸ್ವಲ್ಪ ಹೊತ್ತಿನಲ್ಲೇ ಬಾವಿಕಟ್ಟೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕಾರಿದಳು. ಕಿವಿಯೊಳಗೆ ಗುಂಯ್ ಎನ್ನುತ್ತದೆ, ನೆಲ ತಿರುಗುತ್ತದೆ ಎಂದಳು. ಬೆಳಗಾಗುವ ಮುಂಚಿನ ಊಟವೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಹಾಗೆಯೇ ಬರಿ ಹೊಟ್ಟೆಯಲ್ಲಿ ಮರುದಿನದ ನೋಂಬನ್ನೂ ಹಿಡಿದು, ಮಧ್ಯಾಹ್ನ ಬಾವಿಯ ಹಗ್ಗ ಹಿಡಿದುಕೊಂಡೇ ಕುಸಿದಳು. ಬಲ್ಯುಮ್ಮ ನಮಾಜಿನಲ್ಲಿದ್ದಳು, ನೋಡಲಿಲ್ಲ. ನಾನು ನೋಡಿದೆ. ಸಂಜೆ ಉಮ್ಮ ನನ್ನನ್ನು ಕೋಣೆಗೆ ಕರೆದು ಮಾತ್ರೆಯ ಪೊಟ್ಟಣವನ್ನು ಕೈಗಿಟ್ಟಳು.

“ಇದನ್ನು ಹೊಳೆಗೆ ಹಾಕಿ ಬಾ. ತಿಂದ್ರೆ ವಾಂತಿ, ವಾಂತಿ ಆದ್ರೆ ನೋಂಬು ಹಿಡೀಲಿಕ್ಕೆ ಆಗುವುದಿಲ್ಲ. ನನಗೆ ಜೇನು ಸಾಕು. ಬಲ್ಯುಮ್ಮನಿಗೆ ಹೇಳ್ಬೇಡ.”

“ಡಾಕ್ಟ್ರು ಹೇಳಿದ್ದು...”

“ಡಾಕ್ಟ್ರು ಎಲ್ಲರಿಗೂ ಹೇಳ್ತಾರೆ. ಇಪ್ಪತ್ತು ದಿನ ಬಾಯಿ ಮುಚ್ಚಿಕೋ. ಮತ್ತೆ ಹೊಸ ಮಾತ್ರೆ ತರಿಸಿ ನಾನೇ ತಿಂತೇನೆ. ಆಣೆ ಹಾಕು.”

ಆಣೆ ಹಾಕಿದೆ. ಹೊಳೆಯವರೆಗೆ ಹೋದೆ ಕೂಡ. ಆದರೆ ಪೊಟ್ಟಣವನ್ನು ಎಸೆಯಲು ಕೈ ಬರಲಿಲ್ಲ. ಮನೆಗೆ ತಂದು ನನ್ನ ಶಾಲೆಯ ಕಂಪಾಸ್ ಪೆಟ್ಟಿಗೆಯಲ್ಲಿ ಮುಚ್ಚಿಟ್ಟೆ. ಅಂದಿನಿಂದ ನನ್ನ ಸಂಜೆಗಳು ಕೆಟ್ಟವು. ಬಾಂಕ್ ಕೇಳಿದ ಮೇಲೆ ಬಲ್ಯುಮ್ಮ ತನ್ನ ಕೈಯಿಂದಲೇ ಸೊಸೆಗೆ ಜೇನು ಕೊಡುತ್ತಿದ್ದಳು. ಕರಿಜೀರಿಗೆ ತೇಲುವ ಒಂದು ದೊಡ್ಡ ಚಮಚ. ಉಮ್ಮ ಕಣ್ಣು ಮುಚ್ಚಿ ನೆಕ್ಕುತ್ತಿದ್ದಳು. ಮಾತ್ರೆಯ ದಿನಗಳಲ್ಲಿ ಆಮೇಲೆ ಬಲ್ಯುಮ್ಮ ನನ್ನ ಕಡೆ ತಿರುಗಿ ಕೇಳುತ್ತಿದ್ದಳು, ಏಕೆಂದರೆ ಮನೆಯ ಸುದ್ದಿಗೆಲ್ಲ ನಾನೇ ಸಾಕ್ಷಿ: “ಮಾತ್ರೆ ತಿಂದಳಾ?” ನಾನು “ತಿಂದಾಯ್ತು” ಎನ್ನುತ್ತಿದ್ದೆ. ಹಾಗೆನ್ನುವಾಗ ನನಗೆ ಆ ನೀಲಿ ಉಂಗುರ ಕಾಣುತ್ತಿತ್ತು. ಉಮ್ಮನಿಗೆ ಹಗಲಿಡೀ ಉಪವಾಸ, ಒಳಗಿನ ಆ ಜೀವಿಗೆ ಉಪವಾಸವಿಲ್ಲ. ಉಮ್ಮ ನೆಕ್ಕಿದ ಜೇನನ್ನು ಅದೂ ನೆಕ್ಕುತ್ತದೆಯೋ ಏನೋ, ನಾವು ಅದನ್ನೇ ಸಾಕುತ್ತಿದ್ದೇವೋ ಏನೋ ಎಂದು ಯೋಚಿಸುತ್ತಾ ನನ್ನ ಪಾಲಿನ ಪತ್ತಿರನ್ನು ಚಾವಡಿಯ ಬೆಕ್ಕಿಗೆ ಹಾಕಿಬಿಡುತ್ತಿದ್ದೆ.

ಆದರೆ ಜ್ವರ ನಿಂತಿತು. ಹನ್ನೊಂದನೆಯ ದಿನ ಬರಲಿಲ್ಲ, ಹದಿಮೂರಕ್ಕೂ ಬರಲಿಲ್ಲ. ಉಮ್ಮ ಗೆದ್ದವಳ ಹಾಗೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಬಲ್ಯುಮ್ಮ ಮಾತ್ರೆಯನ್ನೂ ಜೇನನ್ನೂ ಒಟ್ಟಿಗೆ ಹೊಗಳಿದಳು. ಕಾರಿಕೊಂಡು ಉಳಿದ ಆ ಒಂದು ದಿನದ ಅರ್ಧಂಬರ್ಧ ಮಾತ್ರೆಯೇ ಜ್ವರವನ್ನು ಕೆಲವು ದಿನ ಒತ್ತಿ ಹಿಡಿದಿತ್ತು ಎಂದು ನನಗೆ ಈಗ ಗೊತ್ತು. ಇವತ್ತು ನನ್ನ ಉದ್ಯೋಗವೇ ಅದು. ಮೂವತ್ತು ವರ್ಷಗಳಿಂದ ಪರರ ರಕ್ತದಲ್ಲಿ ಉಂಗುರ ಹುಡುಕುತ್ತಿದ್ದೇನೆ. ಆಗ ಮಾತ್ರ ನಾನೂ ಜೇನನ್ನೇ ನಂಬಿಬಿಟ್ಟೆ. ನಂಬಿದರೆ ನಿದ್ದೆ ಬರುತ್ತಿತ್ತು.

ಇಪ್ಪತ್ತೆರಡನೆಯ ನೋಂಬಿನ ದಿನ ಶಾಲೆಯಿಂದ ಬಂದು ಚೀಲ ಇಳಿಸುವಾಗ ಉಮ್ಮನ ಕೋಣೆಯಿಂದ ಕಟಕಟ ಶಬ್ದ. ಅವಳ ಮಂಚದ ಕಾಲು ನೆಲಕ್ಕೆ ಬಡಿಯುತ್ತಿತ್ತು. ಎರಡು ಕಂಬಳಿ ಹೊದ್ದು, ಸೆರಗಿನ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಅವಳು ನಡುಗುತ್ತಿದ್ದಳು. ಹಲಗೆಯ ಆಚೆ ಬಲ್ಯುಮ್ಮ ಮಲಗಿದ್ದಳು.

“ಬಾಗಿಲು ಹಾಕು. ನನ್ನ ಮೇಲೆ ಮಲಗು,” ಎಂದಳು ಉಮ್ಮ. “ಗಟ್ಟಿ ಹಿಡಿ. ಮಂಚದ ಶಬ್ದ ಆಗ್ಬಾರ್ದು.”

ನಾನು ಉಮ್ಮನ ಮೇಲೆ ಮಲಗಿದೆ. ಅವಳ ಹೊಟ್ಟೆಯ ಮೇಲೆ ಭಾರ ಬೀಳದ ಹಾಗೆ ಮೊಣಕೈ ಊರಿ, ಕಾಲಿನಿಂದ ಅವಳ ಕಾಲನ್ನು ಒತ್ತಿ ಹಿಡಿದೆ. ನನ್ನ ಹಲ್ಲುಗಳೂ ಅವಳೊಟ್ಟಿಗೆ ಬಡಿದುಕೊಳ್ಳುತ್ತಿದ್ದವು. ನಡುವೆ ಒಳಗಿನಿಂದ ಮಗು ನನ್ನ ಹೊಟ್ಟೆಗೆ ಒಮ್ಮೆ ಒದೆಯಿತು. ಆ ಒದೆತವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ; ಒಳಗಿದ್ದವರೂ ಹೆದರಿದ್ದಾರೆ ಎಂದು ನನಗೆ ಖಂಡಿತವಾಗಿ ಅನ್ನಿಸಿತು. ನಡುಕ ನಿಂತು ಮೈ ಕಾದ ಮೇಲೆ ಉಮ್ಮ ನನ್ನ ಕೆನ್ನೆ ಸವರಿ, “ಇನ್ನು ಎಂಟೇ ದಿನ ಮಗಾ,” ಎಂದಳು.

ಇಪ್ಪತ್ತನಾಲ್ಕಕ್ಕೂ ಹಾಗೆಯೇ. ಇಪ್ಪತ್ತಾರಕ್ಕೂ, ಇಪ್ಪತ್ತೆಂಟಕ್ಕೂ ಹಾಗೆಯೇ. ನಡುವಿನ ದಿನಗಳಲ್ಲಿ ಉಮ್ಮ ಗೋಡೆ ಹಿಡಿದು ನಡೆದು ಅಡುಗೆ ಮಾಡಿದಳು, ಮುಖ ಬಿಳಿಚಿದ್ದನ್ನು ಕೇಳಿದರೆ ನೋಂಬಿನ ಸುಸ್ತು ಎಂದಳು. ಜೇನನ್ನು ಎರಡು ಚಮಚ ಮಾಡಿದಳು. ನಾನು ಶಾಲೆಯಿಂದ ಓಡುತ್ತಾ ಬರುತ್ತಿದ್ದೆ. ತಡವಾದರೆ ಮಂಚದ ಶಬ್ದ ಆಚೆಗೆ ಕೇಳಿಬಿಡುತ್ತದೆ ಎಂಬ ಹೆದರಿಕೆ ಒಂದು, ಕೇಳಲಿ ದೇವರೇ ಎಂಬ ಆಸೆ ಇನ್ನೊಂದು. ಹೇಳಿದರೆ ಉಮ್ಮನ ನೋಂಬು ಹೋಗುತ್ತದೆ, ಆಣೆಯೂ ಮುರಿಯುತ್ತದೆ. ಹೇಳದಿದ್ದರೆ ಉಮ್ಮನೇ ಹೋಗುತ್ತಾಳೆ. ಕೊನೆಗೆ ನನ್ನಷ್ಟಕ್ಕೇ ಒಂದು ತೀರ್ಮಾನ ಮಾಡಿಕೊಂಡೆ. ಇಪ್ಪತ್ತೊಂಬತ್ತರ ಸಂಜೆ ಚಂದ್ರ ಕಂಡರೆ ರಮ್ಜಾನ್ ಮುಗಿಯುತ್ತದೆ. ಮಾರನೆಯ ದಿನ ಜ್ವರದ ದಿನ, ಆದರೆ ಹಬ್ಬ, ನೋಂಬು ಇಲ್ಲ. ಚಂದ್ರ ಕಂಡ ಕೂಡಲೇ ಎಲ್ಲ ಹೇಳಿಬಿಡುವುದು. ಆ ಸಂಜೆ ಓಣಿಯ ಮಕ್ಕಳೆಲ್ಲ ಹೊಳೆಯ ದಂಡೆಗೆ ಓಡಿದರು, ನಾನೂ ಓಡಿದೆ. ಪಡುವಣದಲ್ಲಿ ತೆಳ್ಳನೆಯ ಮೋಡ. ಬೇರೆ ಮಕ್ಕಳಿಗೆ ಹೊಸ ಬಟ್ಟೆಯ ಅವಸರ, ನನಗೆ ಒಬ್ಬಳಿಗೆ ಕಣ್ಣೀರು. ಎಲ್ಲಿಯೂ ಚಂದ್ರ ಕಾಣಲಿಲ್ಲವೆಂದು ಮಸೀದಿಯಿಂದ ಸುದ್ದಿ ಬಂತು.

“ಮೂವತ್ತು!” ಎಂದಳು ಉಮ್ಮ. ನಾನು ಅವಳನ್ನು ಅಷ್ಟು ಖುಷಿಯಲ್ಲಿ ನೋಡಿರಲಿಲ್ಲ.

ಮೂವತ್ತನೆಯ ದಿನ ಶಾಲೆಗೆ ರಜೆ. ನಡುಕ ಬಂದದ್ದು ನಾಲ್ಕು ಗಂಟೆಗೆ. ನಾನು ಅಭ್ಯಾಸದಂತೆ ಮೇಲೆ ಮಲಗಿದೆ. ಆ ದಿನ ಮೈ ಕಾದದ್ದು ಇಳಿಯಲಿಲ್ಲ. ತುಟಿ ಬಿರಿದು ಬೂದಿಯ ಬಣ್ಣಕ್ಕೆ ತಿರುಗಿತ್ತು. ಸ್ವಲ್ಪ ಹೊತ್ತಿನಲ್ಲಿ ಉಮ್ಮ ನನ್ನನ್ನು ತನ್ನ ತಾಯಿಯ ಹೆಸರು ಹಿಡಿದು ಕರೆಯತೊಡಗಿದಳು, ಮೂಡಬಿದಿರೆಯ ಮನೆಯ ಬಾಗಿಲು ಹಾಕಿಯಾಯ್ತಾ ಎಂದು ಕೇಳಿದಳು. ನಾನು ಹೌದು ಎಂದೆ. ಮತ್ತೆ ಕೇಳಿದಳು. ಅವಳ ಹೊಟ್ಟೆಗೆ ಕಿವಿಯಿಟ್ಟೆ, ಅಂಗೈಯಿಟ್ಟೆ, ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಒಳಗಿನಿಂದ ಒದೆತ ಬರಲಿಲ್ಲ. ನಾನು ಎಷ್ಟು ಹೊತ್ತು ಕಾದೆನೋ ತಿಳಿಯದು. ನನಗೆ ಅಷ್ಟು ಹೆದರಿಕೆ ಆಮೇಲೆ ಯಾವತ್ತೂ ಆಗಿಲ್ಲ. ಕಂಪಾಸ್ ಪೆಟ್ಟಿಗೆಯನ್ನು ಎತ್ತಿಕೊಂಡು ಅಡುಗೆಮನೆಗೆ ಓಡಿದೆ.

ಬಲ್ಯುಮ್ಮ ಪತ್ತಿರಿನ ಹಿಟ್ಟು ತಟ್ಟುತ್ತಿದ್ದಳು. ನಾನು ಪೆಟ್ಟಿಗೆ ತೆರೆದು ಮಾತ್ರೆಯ ಪೊಟ್ಟಣವನ್ನು ಹಿಟ್ಟಿನ ಮೇಲೆಯೇ ಇಟ್ಟೆ. ಆಕೆಗೆ ಅಷ್ಟೇ ಸಾಕಾಯಿತು.

“ಎಷ್ಟು ದಿನದಿಂದ?”

“ಮೊದಲಿನಿಂದ. ಒಂದೇ ದಿನ ತಿಂದದ್ದು. ಅದೂ ಕಾರಿದಳು.”

ನನಗೆ ಒಂದು ಏಟು ಬೀಳುತ್ತದೆಂದು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಬಲ್ಯುಮ್ಮ ಒಂದು ಲೋಟ ನೀರು ಹಿಡಿದುಕೊಂಡು ಉಮ್ಮನ ಕೋಣೆಯಲ್ಲಿದ್ದಳು. ಬಾಂಕಿಗೆ ಇನ್ನು ಇಪ್ಪತ್ತು ನಿಮಿಷವಿತ್ತು. ಗೋಡೆಯ ಗಡಿಯಾರವನ್ನು ನಾನು ನೋಡಿದೆ. ಉಮ್ಮ ಆ ಸ್ಥಿತಿಯಲ್ಲೂ ಲೋಟ ಕಂಡು ಹಲ್ಲು ಬಿಗಿಹಿಡಿದಳು, ತಲೆಯನ್ನು ಆಚೀಚೆ ಹೊರಳಿಸಿದಳು. ಬಲ್ಯುಮ್ಮ ಹಿಟ್ಟಿನ ಕೈಯಿಂದ ಅವಳ ದವಡೆ ಹಿಡಿದು ಬಾಯಿ ಬಿಡಿಸಿದಳು.

“ಕುಡಿ. ಕುಡಿ ಬೆದ್ರದವಳೇ. ನೋಂಬು ಕೊಟ್ಟವನೇ ರೋಗಿಗೆ ಬಿಡ್ಲಿಕ್ಕೂ ಹೇಳಿದ್ದಾನೆ. ಪಾಪ ಇದ್ರೆ ನನ್ನ ತಲೆಗೆ ಬರಲಿ.”

ನೀರು ಅರ್ಧ ಒಳಗೆ ಹೋಯಿತು, ಅರ್ಧ ಕತ್ತಿಗೆ ಹರಿಯಿತು. ಉಮ್ಮ ಒಂದು ಕ್ಷಣ ನನ್ನನ್ನು ನೆಟ್ಟ ನೋಟದಿಂದ ನೋಡಿ ಕಣ್ಣು ಮುಚ್ಚಿದಳು. ನೆರೆಮನೆಯವರ ಜೀಪಿನಲ್ಲಿ ಅವಳನ್ನು ಮಂಗಳೂರಿಗೆ ಸಾಗಿಸಿದೆವು. ಫರಂಗಿಪೇಟೆ ದಾಟುವಾಗ ದಾರಿಬದಿಯ ಮಸೀದಿಯಿಂದ ಬಾಂಕ್ ಕೇಳಿತು. ಜೀಪು ಓಡಿಸುತ್ತಿದ್ದವರು ಒಂದು ಕೈಯಲ್ಲೇ ಖರ್ಜೂರ ಬಾಯಿಗಿಟ್ಟುಕೊಂಡರು. ಬಲ್ಯುಮ್ಮ ಏನೂ ಮುಟ್ಟಲಿಲ್ಲ, ಆಸ್ಪತ್ರೆಯ ಮೆಟ್ಟಿಲು ಹತ್ತುವವರೆಗೂ ನೋಂಬಿನಲ್ಲೇ ಇದ್ದಳು.

ಆ ಇರುಳು ಅವರು ರಕ್ತ ಏರಿಸಿದರು, ಸೂಜಿಯಲ್ಲಿ ಔಷಧ ಕೊಟ್ಟರು. ಮಗುವಿನ ಎದೆಬಡಿತ ಸಿಕ್ಕಿದೆ, ಆದರೆ ಏನೂ ಹೇಳಲಿಕ್ಕಾಗುವುದಿಲ್ಲ ಎಂದರು. ಅಲ್ಲಿನ ಡಾಕ್ಟರಿಗೆ ಬಲ್ಯುಮ್ಮ ಜೇನಿನ ವಿಷಯ ಹೇಳಿ, ತಪ್ಪಾಯ್ತಾ ಎಂದು ಕೇಳಿದಳು. ಅವರು ಬೈಯಲಿಲ್ಲ. “ಜೇನು ಕೊಡಿ ಅಜ್ಜಿ. ಮೈಗೆ ಸ್ವಲ್ಪ ಬಲ ಬಂದರೆ ಬರಲಿ. ಆದ್ರೆ ಮಾತ್ರೆಯ ಜಾಗದಲ್ಲಿ ಕೊಡ್ಬೇಡಿ,” ಎಂದರು. ಬಲ್ಯುಮ್ಮ ತಾನು ಹೇಳುತ್ತಿದ್ದ ಬಾಲವನ್ನೇ ಇನ್ನೊಬ್ಬರ ಬಾಯಲ್ಲಿ ಕೇಳಿ ಅಳಲು ಶುರು ಮಾಡಿದಳು. ಹಬ್ಬದ ದಿನ ನಾವಿಬ್ಬರೂ ವರಾಂಡದಲ್ಲಿ ಕೂತು ಬನ್ನು ತಿಂದೆವು.

ಮೂರನೆಯ ದಿನ ಉಮ್ಮನಿಗೆ ಸರಿಯಾಗಿ ಎಚ್ಚರವಾಯಿತು. ಬಲ್ಯುಮ್ಮ ಕಿಟಕಿಯ ಹತ್ತಿರ ಕೂತಿದ್ದಳು. ಉಮ್ಮ ನನ್ನನ್ನು ಬೆರಳಿನಲ್ಲಿ ಕರೆದಳು.

“ನೀನು ಹೇಳಿದ್ದಾ?”

“ಹೌದು.”

ಅವಳು ಬಹಳ ಮೆಲ್ಲಗೆ ಕೇಳಿದಳು, “ನೀರು ಕೊಡುವಾಗ ಬಾಂಕ್ ಆಗಿತ್ತಾ?”

ನಾನು ಬಲ್ಯುಮ್ಮನ ಕಡೆ ನೋಡಿದೆ. ಐದು ಹೊತ್ತು ನಮಾಜು ತಪ್ಪಿಸದ, ಸುಳ್ಳು ಹೇಳಿದರೆ ನಾಲಿಗೆಗೆ ಮೆಣಸು ತಿಕ್ಕುತ್ತಿದ್ದ ಆ ಹೆಂಗಸು ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು.

“ಆಗಿತ್ತು ಉಮ್ಮ,” ಎಂದೆ.

“ಆಗಿತ್ತು,” ಎಂದಳು ಬಲ್ಯುಮ್ಮ, ತಿರುಗಿ ನೋಡದೆ.

ತಂಗಿ ಅವಧಿಗೆ ಮೊದಲೇ ಹುಟ್ಟಿದಳು, ಒಂದು ಅಂಗೈಯಷ್ಟು, ಆದರೆ ಬದುಕಿದಳು. ಉಮ್ಮನಿಗೆ ಮತ್ತೆ ಮಕ್ಕಳಾಗಲಿಲ್ಲ, ಮುಟ್ಟು ನಿಲ್ಲುವ ವಯಸ್ಸಿನವರೆಗೆ ಮತ್ತೆ ಮೂವತ್ತು ಸಿಗಲಿಲ್ಲ. ಮದುವೆಮನೆಯಲ್ಲಿ, ತೊಟ್ಟಿಲ ಹತ್ತಿರ, ಎಲ್ಲಿ ನಾಲ್ಕು ಹೆಂಗಸರು ಕೂತರೂ ಅವಳು ಹೇಳುತ್ತಿದ್ದಳು: ಮಲೇರಿಯಾ ಇತ್ತು, ಹೊಟ್ಟೆಯಲ್ಲಿ ಮಗು ಇತ್ತು, ಜೇನಿನ ಬಲದಲ್ಲಿ ಮೂವತ್ತೂ ಹಿಡಿದೆ. ನಾನು ಅವಳ ಎದುರು ಬಾಯಿ ತೆರೆಯುತ್ತಿರಲಿಲ್ಲ. ಕೇಳಿದವರಲ್ಲಿ ಬಸುರಿಯರಿದ್ದರೆ ಅವರ ಹಿಂದೆಯೇ ಗೇಟಿನವರೆಗೆ ಹೋಗಿ, ಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ಬಿಡಬೇಡಿ, ಜೇನು ಬೇಕಾದರೆ ಅದರ ಮೇಲೆ ತಿನ್ನಿ ಎನ್ನುತ್ತಿದ್ದೆ. ಮಗಳಿಗೆ ತಾಯಿಯ ಮಾತಿನ ಮೇಲೆ ಗೌರವವಿಲ್ಲ ಎಂದು ಸಂಬಂಧಿಕರು ಆಡಿಕೊಂಡರು. ಈಗ ಫೋನಿಗೆ ದಿನಕ್ಕೊಂದು ಸಂದೇಶ ಬರುತ್ತದೆ, ಜೇನು ತಿಂದರೆ ರೋಗನಿರೋಧಕ ಶಕ್ತಿ ಹೆಚ್ಚಿ ಹೊಟ್ಟೆಯ ಹುಳ, ರಕ್ತದ ಹುಳ ಎಲ್ಲ ಓಡುತ್ತವೆ ಎಂದು. ಇರಬಹುದು, ಜೇನಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಸಂದೇಶ ಓದಿದಾಗಲೆಲ್ಲ ಮಂಚದ ಕಾಲು ನೆಲಕ್ಕೆ ಬಡಿಯುವುದು ಕೇಳುತ್ತದೆ, ಓದಿದವರು ಯಾರಾದರೂ ಎಲ್ಲೋ ಮಾತ್ರೆ ಬಿಟ್ಟರೇನೋ ಎಂದು ಕಳುಹಿಸಿದವರಿಗೆ ಫೋನು ಮಾಡುತ್ತೇನೆ.

ಬಲ್ಯುಮ್ಮ ಹೋಗಿ ಬಹಳ ಕಾಲವಾಯಿತು. ಉಮ್ಮ ಕಳೆದ ವರ್ಷ ತೀರಿಕೊಂಡಳು, ಮೂವತ್ತು ಪೂರ್ತಿಯಾಗಿದೆ ಎಂಬ ನಂಬಿಕೆಯಲ್ಲೇ. ತೀರಿಹೋದವರ ಬಾಕಿ ನೋಂಬನ್ನು ಮಕ್ಕಳು ಹಿಡಿದು ತೀರಿಸಬಹುದು ಎಂದು ನಮ್ಮಲ್ಲಿ ಹೇಳುತ್ತಾರೆ. ಉಮ್ಮನ ಹೆಸರಿನಲ್ಲಿ ಒಂದು ಬಾಕಿ ಇದೆ ಎಂದು ತಿಳಿದಿರುವವಳು ಇನ್ನು ನಾನೊಬ್ಬಳೇ. ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಸಾಮಾನ್ಯ ಮಂಗಳವಾರ ನೋಂಬು ಹಿಡಿದೆ. ಇವತ್ತೇನು ವಿಶೇಷ ಎಂದು ತಂಗಿ ಕೇಳಿದಳು. ಹೊಟ್ಟೆ ಸರಿ ಇಲ್ಲ ಎಂದೆ. ಸಂಜೆ ಲೋಟದಲ್ಲಿ ನೀರು ಹಿಡಿದುಕೊಂಡು ಕೂತೆ. ಬಾಂಕ್ ಶುರುವಾಯಿತು. ಶುರುವಾದ ಕೂಡಲೇ ಕುಡಿಯಬಹುದು, ಎಲ್ಲರೂ ಹಾಗೆಯೇ ಕುಡಿಯುವುದು. ನಾನು ಅದು ಪೂರ್ತಿ ಮುಗಿಯುವವರೆಗೆ ಕಾದೆ.